ಅಲೆಕ್ಸಾಂಡರ್ ಸಾಮ್ರಾಜ್ಯ ಒಡೆದದ್ದು ಯಾಕೆ? 323ರ ನಂತರದ ಕಥೆ ಮಾತಾಡೋಣ ಬನ್ನಿ

ಹಳೇನಾಣ್ಯ:

ನಮ್ಮ ಶಾಲೆಯ ಪಾಠದಲ್ಲಿ ಅಲೆಕ್ಸಾಂಡರ್ ಝೀಲಂ ದಡಕ್ಕೆ ಬರುತ್ತಾನೆ, ಪೋರಸ್ ಜೊತೆ ಯುದ್ಧವಾಗುತ್ತದೆ, ಬಿಯಾಸ್ ನದಿ ಹತ್ತಿರ ಸೈನಿಕರು ಮುಂದೆ ಬರುವುದಿಲ್ಲ ಎಂದು ಹಟ ಹಿಡಿಯುತ್ತಾರೆ, ವಾಪಸ್ ಹೋದವನು ಬ್ಯಾಬಿಲೋನ್‌ನಲ್ಲಿ ತೀರಿಕೊಳ್ಳುತ್ತಾನೆ. ಪಾಠ ಮುಗಿಯಿತು. ನನಗೆ ಕುತೂಹಲ ಶುರುವಾಗುವುದೇ ಅಲ್ಲಿಂದ.

ಕ್ರಿ.ಪೂ. 323ರ ಜೂನ್‌ನಲ್ಲಿ ಸತ್ತಾಗ ಅವನಿಗೆ ಇನ್ನೂ 33 ತುಂಬಿರಲಿಲ್ಲ. ಗ್ರೀಸ್‌ನಿಂದ ಪಂಜಾಬ್‌ವರೆಗೆ ಅವನ ಮಾತು ನಡೆಯುತ್ತಿತ್ತು. ಅದಾಗಿ ಸುಮಾರು 14 ವರ್ಷದೊಳಗೆ ಅವನ ತಾಯಿ, ಹೆಂಡತಿ, ಮಗ, ಮಲಸಹೋದರ ಎಲ್ಲರೂ ಕೊಲೆಯಾಗಿದ್ದರು. ಕೊಲ್ಲಿಸಿದವರು ಪರ್ಷಿಯನ್ನರಲ್ಲ, ಅವನದೇ ಮನೆಯವರು ಮತ್ತು ಅವನ ಜೊತೆ ಊಟ ಮಾಡಿದವರು.

ಸೇನಾಪತಿಗಳ ದುರಾಸೆಯಿಂದ ಹೀಗಾಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ದುರಾಸೆ ಇತ್ತು, ಸುಳ್ಳಲ್ಲ. ಆದರೆ ಬಿರುಕು ಬಿದ್ದದ್ದು ಅವನು ಬದುಕಿದ್ದಾಗಲೇ ಎಂದು ನನಗೆ ಬಲವಾಗಿ ಅನಿಸುತ್ತದೆ. 334ರಲ್ಲಿ ಏಷ್ಯಾಕ್ಕೆ ಹೊರಡುವ ಮೊದಲೇ ಆಂಟಿಪೇಟರ್ ಮತ್ತು ಪಾರ್ಮೆನಿಯನ್ ಎಂಬ ಇಬ್ಬರು ಹಿರಿಯರು 'ಮೊದಲು ಮದುವೆಯಾಗು, ಒಬ್ಬ ಮಗ ಹುಟ್ಟಲಿ, ಆಮೇಲೆ ಹೊರಡು' ಎಂದು ಹೇಳಿದ್ದರಂತೆ. ಅವನು ಕೇಳಲಿಲ್ಲ. 330ರಲ್ಲಿ ಪಾರ್ಮೆನಿಯನ್‌ನ ಮಗ ಫಿಲೋಟಸ್ ಮೇಲೆ ಪಿತೂರಿಯ ಆರೋಪ ಬಂತು. ಅವನಿಗೆ ಮರಣದಂಡನೆ ಆಯಿತು. ಎಕ್ಬಟಾನಾದಲ್ಲಿದ್ದ ಎಪ್ಪತ್ತರ ಮುದುಕ ಪಾರ್ಮೆನಿಯನ್‌ನನ್ನೂ ಆಳು ಕಳಿಸಿ ಕೊಲ್ಲಿಸಿದ. 328ರಲ್ಲಿ ಸಮರ್ಕಂಡ್‌ನಲ್ಲಿ, ಕುಡಿದ ಅಮಲಿನಲ್ಲಿ, ಗ್ರಾನಿಕಸ್ ಯುದ್ಧದಲ್ಲಿ ತನ್ನ ಜೀವ ಉಳಿಸಿದ್ದ ಕ್ಲೈಟಸ್‌ನನ್ನು ತಾನೇ ಈಟಿಯಿಂದ ತಿವಿದ. ಹಿರಿಯರು ಒಬ್ಬೊಬ್ಬರಾಗಿ ಹೋದರು. ಉಳಿದವರಲ್ಲಿ ಹೆಚ್ಚಿನವರು ಹೆಚ್ಚುಕಮ್ಮಿ ಒಂದೇ ವಯಸ್ಸಿನವರು, ಒಂದೇ ಮಟ್ಟದವರು. ಒಬ್ಬ ಹೇಳಿದರೆ ಇನ್ನೊಬ್ಬ ಯಾಕೆ ಕೇಳಬೇಕು?

ನಿಮ್ಮೆಲ್ಲರ ಅಭಿಪ್ರಾಯ ಹೇಳಿ. ಸುಮ್ನೆ ಯುದ್ಧಗಳ ಪಟ್ಟಿ ಬೇಡ. ಒಡೆದದ್ದು ಯಾಕೆ, ಹೇಗೆ ಎಂಬುದರ ಬಗ್ಗೆ ಮಾತಾಡೋಣ.

ಧಾರವಾಡದ ಮೇಷ್ಟ್ರು:

ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ಒಡೆದದ್ದನ್ನು ಮಾತಾಡುವ ಮೊದಲು ಕಟ್ಟಿದವನನ್ನು ನೆನೆಯಬೇಕು. ಅವನ ತಂದೆ ಎರಡನೇ ಫಿಲಿಪ್.

359ರಲ್ಲಿ ಫಿಲಿಪ್ ಕೈಗೆ ಅಧಿಕಾರ ಬಂದಾಗ ಗ್ರೀಸ್‌ನ ಉತ್ತರದಲ್ಲಿದ್ದ ಅವರ ಮ್ಯಾಸಿಡೋನಿಯ ಸುತ್ತಲಿನವರೆಲ್ಲ ತುಳಿದು ಹೋಗುತ್ತಿದ್ದ ನಾಡು. ಹಿಂದಿನ ರಾಜ, ಅವನ ಅಣ್ಣ, ನೆರೆಯ ಇಲಿರಿಯನ್ನರ ಜೊತೆಗಿನ ಯುದ್ಧದಲ್ಲಿ ಆಗತಾನೆ ಸತ್ತಿದ್ದ, ಜೊತೆಗೆ ಸಾವಿರಾರು ಸೈನಿಕರೂ. ಫಿಲಿಪ್ ಹುಡುಗನಾಗಿದ್ದಾಗ ಥೀಬ್ಸ್‌ನಲ್ಲಿ ಒತ್ತೆಯಾಳಾಗಿದ್ದ, ಆ ಕಾಲದ ಅತ್ಯುತ್ತಮ ಸೈನ್ಯವನ್ನು ಹತ್ತಿರದಿಂದ ನೋಡಿದ್ದ. ತನ್ನ ರೈತರ ಕೈಗೆ ಐದಾರು ಮೀಟರ್ ಉದ್ದದ ಸಾರಿಸ್ಸಾ ಈಟಿ ಕೊಟ್ಟ. ವರ್ಷವಿಡೀ ಕವಾಯತು ಮಾಡಿಸಿದ. ಪಂಗಾಯಾನ್ ಬೆಟ್ಟದ ಗಣಿಗಳಿಂದ ವರ್ಷಕ್ಕೆ ಸಾವಿರ ಟ್ಯಾಲೆಂಟ್‌ಗೂ ಜಾಸ್ತಿ ಆದಾಯ ಬರುವಂತೆ ಮಾಡಿಕೊಂಡ (ಟ್ಯಾಲೆಂಟ್ ಎಂದರೆ ಆ ಕಾಲದ ಹಣದ ದೊಡ್ಡ ಅಳತೆ). 338ರಲ್ಲಿ ಕೈರೋನಿಯಾದಲ್ಲಿ ಅಥೆನ್ಸ್ ಮತ್ತು ಥೀಬ್ಸ್ ಎರಡನ್ನೂ ಸೋಲಿಸಿದ. 336ರಲ್ಲಿ ಮಗಳ ಮದುವೆಯ ಸಂಭ್ರಮದಲ್ಲಿ ಅವನ ಅಂಗರಕ್ಷಕನೇ ಅವನನ್ನು ಕೊಂದ.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ಫಿಲಿಪ್ ಗೆದ್ದ ಮೇಲೆ ಒಪ್ಪಂದ ಮಾಡುತ್ತಿದ್ದ, ರಸ್ತೆ ಮಾಡಿಸುತ್ತಿದ್ದ, ಊರು ಕಟ್ಟಿಸುತ್ತಿದ್ದ, ಮದುವೆ ಮಾಡಿಕೊಂಡು ಬಾಂಧವ್ಯ ಬೆಳೆಸುತ್ತಿದ್ದ. ಗೆದ್ದ ಜಾಗದಲ್ಲಿ ಕುಳಿತು ಬೇರು ಬಿಡುತ್ತಿದ್ದ. ಮಗ ಕುಳಿತವನೇ ಅಲ್ಲ. 331ರಲ್ಲಿ ಗಾಗಮೇಲಾದಲ್ಲಿ ಮೂರನೇ ಡೇರಿಯಸ್‌ನನ್ನು ಸೋಲಿಸಿದ ಮೇಲೆ ಪರ್ಷಿಯನ್ನರ ಪ್ರಾಂತ್ಯ ವ್ಯವಸ್ಥೆಯನ್ನು ಹಾಗೇ ಇಟ್ಟುಕೊಂಡು ಮುಂದೆ ಹೋದ. ಭಾರತದಿಂದ ವಾಪಸ್ ಬಂದಾಗ ಎಷ್ಟೋ ಪ್ರಾಂತ್ಯಾಧಿಪತಿಗಳು ಸ್ವಂತ ಸೈನ್ಯ ಇಟ್ಟುಕೊಂಡು ಮೆರೆಯುತ್ತಿದ್ದರು. ಅವನು ತಿರುಗಿ ಬರುತ್ತಾನೆ ಎಂದೇ ಅವರು ಅಂದುಕೊಂಡಿರಲಿಲ್ಲ.

ಹೊಸ ಓದುಗ:

ಒಂದು ಸಂದೇಹ. ಅಲೆಕ್ಸಾಂಡರ್‌ಗೆ ಮಗ ಇದ್ದ ಎಂದು ಓದಿದ್ದೇನೆ. ರಾಜನಿಗೆ ಮಗ ಇದ್ದ ಮೇಲೆ ಜಗಳ ಯಾಕೆ ಬಂತು?

ಹಳೇನಾಣ್ಯ:

ತಂದೆ ಸಾಯುವಾಗ ಆ ಮಗು ಇನ್ನೂ ಹುಟ್ಟಿರಲಿಲ್ಲ. ತಾಯಿ ಬ್ಯಾಕ್ಟ್ರಿಯಾ (ಇಂದಿನ ಅಫ್ಘಾನಿಸ್ತಾನ) ಕಡೆಯ ರೊಕ್ಸಾನಾ, ಆಗ ತುಂಬು ಗರ್ಭಿಣಿ. ಹುಟ್ಟುವುದು ಗಂಡೋ ಹೆಣ್ಣೋ ಯಾರಿಗೂ ಗೊತ್ತಿಲ್ಲ.

ಬ್ಯಾಬಿಲೋನ್‌ನಲ್ಲಿ ಆ ದಿನಗಳಲ್ಲಿ ನಡೆದದ್ದನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. ಸಾಯುವ ಮುಂಚೆ ರಾಜ ತನ್ನ ಮುದ್ರೆಯುಂಗುರವನ್ನು ಸೇನಾಪತಿ ಪೆರ್ಡಿಕ್ಕಾಸ್ ಕೈಗೆ ಕೊಟ್ಟಿದ್ದ. ರಾಜ್ಯ ಯಾರಿಗೆ ಎಂದು ಕೇಳಿದಾಗ 'ಬಲಶಾಲಿಗೆ' ಎಂದನಂತೆ. ಈ ಮಾತನ್ನು ನಂತರದವರು ಸೇರಿಸಿರಬಹುದು, ಬಿಡಿ. ಪೆರ್ಡಿಕ್ಕಾಸ್ ಮತ್ತು ಕುದುರೆ ಸೈನ್ಯದ ನಾಯಕರು ರೊಕ್ಸಾನಾಳ ಹೆರಿಗೆಯವರೆಗೆ ಕಾಯೋಣ ಎಂದರು. ಕಾಲಾಳುಗಳು ಒಪ್ಪಲಿಲ್ಲ. ಹೊರಗಿನ ಹೆಂಗಸಿನ ಮಗು ನಮಗೆ ಬೇಡ, ಫಿಲಿಪ್‌ನ ಇನ್ನೊಬ್ಬ ಮಗ ಅರಿಡಿಯಸ್ ಇಲ್ಲೇ ಇದ್ದಾನಲ್ಲ ಎಂದು ಕೂಗಿದರು. ಅರಿಡಿಯಸ್‌ಗೆ ಬುದ್ಧಿ ಬೆಳವಣಿಗೆಯ ತೊಂದರೆ ಇತ್ತು, ಒಬ್ಬನೇ ಆಳುವ ಶಕ್ತಿ ಇರಲಿಲ್ಲ. ಅದು ಗೊತ್ತಿದ್ದೂ ಕೂಗಿದರು. ಅವರಿಗೆ ಬೇಕಾದದ್ದು ಫಿಲಿಪ್‌ನ ರಕ್ತ.

ಎರಡು ಬಣಗಳು ಕತ್ತಿ ಹಿರಿದವು. ಕುದುರೆ ಸೈನ್ಯ ನಗರದಿಂದ ಹೊರಗೆ ಹೋಗಿ ದವಸಧಾನ್ಯ ಬರುವ ದಾರಿ ಕಟ್ಟಿತು. ಕೊನೆಗೆ ಇಬ್ಬರೂ ರಾಜರು ಎಂಬ ರಾಜಿ ಆಯಿತು. ಅರಿಡಿಯಸ್ 'ಮೂರನೇ ಫಿಲಿಪ್' ಆದ. ಹುಟ್ಟಿದ ಮಗು 'ನಾಲ್ಕನೇ ಅಲೆಕ್ಸಾಂಡರ್' ಆಯಿತು. ಒಬ್ಬನಿಗೆ ಆಳಲು ಬರುವುದಿಲ್ಲ, ಇನ್ನೊಂದು ತೊಟ್ಟಿಲಲ್ಲಿದೆ. ರಾಜಿಯಾದ ಮೇಲೆ ಸೈನ್ಯವನ್ನು ಶುದ್ಧಿ ಮಾಡುವ ವಿಧಿ ಎಂದು ಎಲ್ಲರನ್ನೂ ಬಯಲಿಗೆ ಕರೆಸಿದ ಪೆರ್ಡಿಕ್ಕಾಸ್, ಕಾಲಾಳುಗಳ ಮುಂದಾಳುಗಳನ್ನು ಹಿಡಿಸಿ ಆನೆಗಳ ಕಾಲಡಿ ಹಾಕಿಸಿದ. ಅವರ ನಾಯಕ ಮೆಲಿಯಾಗರ್ ದೇವಸ್ಥಾನದಲ್ಲಿ ಆಶ್ರಯ ಪಡೆದರೂ ಬಿಡಲಿಲ್ಲ.

ಸೇನಾಪತಿಗಳ ನಡುವೆ ರಾಜ್ಯದ ಮೊದಲ ಹಂಚಿಕೆ ಇಂಥ ನೆಲದ ಮೇಲೆ ಆಯಿತು. ಟಾಲೆಮಿ ಈಜಿಪ್ಟ್ ಕೇಳಿ ಪಡೆದ. ಲೈಸಿಮಾಕಸ್‌ಗೆ ಥ್ರೇಸ್. ಆಂಟಿಗೋನಸ್‌ಗೆ ಇಂದಿನ ಟರ್ಕಿಯ ಒಳನಾಡು. ಯುರೋಪು ಮೊದಲಿನಂತೆ ಆಂಟಿಪೇಟರ್ ಕೈಯಲ್ಲಿ.

ತುಂಗಾತೀರ:

ಈ ಕಥೆ ಹೇಳುವವರೆಲ್ಲ ಸೇನಾಪತಿಗಳ ಹೆಸರು ಮಾತ್ರ ಹೇಳುತ್ತಾರೆ. ಹೆಂಗಸರನ್ನು ಬಿಟ್ಟರೆ ಅರ್ಧ ಕಥೆಯೇ ಹೋಯಿತು.

ಅಲೆಕ್ಸಾಂಡರ್‌ಗೆ ಕಿನಾನೆ ಎಂಬ ಮಲಸಹೋದರಿ ಇದ್ದಳು. ತಾಯಿ ಕಡೆಯಿಂದ ಇಲಿರಿಯಾದವಳು, ಯುದ್ಧವಿದ್ಯೆ ಬಲ್ಲವಳು. ಮಗಳು ಅಡಿಯಾಳಿಗೂ ಅದನ್ನೇ ಕಲಿಸಿದ್ದಳು. ಬ್ಯಾಬಿಲೋನ್‌ನ ರಾಜಿ ಕೇಳಿದ ಕೂಡಲೇ ತನ್ನದೇ ಪಡೆ ಕಟ್ಟಿಕೊಂಡು, ಮಗಳನ್ನು ಅರಿಡಿಯಸ್‌ಗೆ ಕೊಡಬೇಕೆಂದು ಏಷ್ಯಾಕ್ಕೆ ಹೊರಟಳು. ಪೆರ್ಡಿಕ್ಕಾಸ್‌ನ ತಮ್ಮ ಅವಳನ್ನು ದಾರಿಯಲ್ಲೇ ಕೊಂದ. ಫಿಲಿಪ್‌ನ ಮಗಳನ್ನು ಕೊಂದರು ಎಂದು ಸೈನಿಕರು ಕೆರಳಿ ನಿಂತರು. ಮದುವೆ ಮಾಡಿಸದೆ ಬೇರೆ ದಾರಿ ಉಳಿಯಲಿಲ್ಲ. ಅಡಿಯಾ ಆಗ ಯೂರಿಡಿಸೆ ಎಂಬ ಹೆಸರು ಪಡೆದಳು, ಗಂಡನ ಪರವಾಗಿ ಸೈನ್ಯದ ಮುಂದೆ ಮಾತಾಡಿದಳು. ಆಗಿನ್ನೂ ಹದಿಹರೆಯದ ಹುಡುಗಿ.

317ರಲ್ಲಿ ಅವಳ ಎದುರು ಬಂದದ್ದು ಅಲೆಕ್ಸಾಂಡರ್‌ನ ತಾಯಿ ಒಲಿಂಪಿಯಸ್. ಮೊಮ್ಮಗನ ಪಟ್ಟ ಉಳಿಸಲು ಬಂದವಳು. ಯುದ್ಧವೇ ಆಗಲಿಲ್ಲ. ಅಲೆಕ್ಸಾಂಡರ್‌ನ ತಾಯಿ ಎದುರು ಕತ್ತಿ ಎತ್ತುವುದಿಲ್ಲ ಎಂದು ಯೂರಿಡಿಸೆಯ ಸೈನಿಕರು ಆ ಕಡೆ ಹೋದರು. ಒಲಿಂಪಿಯಸ್ ಅರಿಡಿಯಸ್‌ನನ್ನು ಕೊಲ್ಲಿಸಿದಳು. ಯೂರಿಡಿಸೆಗೆ ಕತ್ತಿ, ಹಗ್ಗ, ವಿಷ ಮೂರನ್ನೂ ಕಳಿಸಿ ಯಾವುದು ಬೇಕೋ ಆರಿಸಿಕೋ ಎಂದಳು. ಮರುವರ್ಷ ಆಂಟಿಪೇಟರ್‌ನ ಮಗ ಕಸಾಂಡರ್, ಪಿಡ್ನಾ ಕೋಟೆಯಲ್ಲಿ ಒಲಿಂಪಿಯಸ್‌ಗೆ ಮುತ್ತಿಗೆ ಹಾಕಿ ಹಸಿವಿನಿಂದ ಶರಣಾಗುವಂತೆ ಮಾಡಿದ. ಅವಳು ಕೊಲ್ಲಿಸಿದವರ ಬಂಧುಗಳ ಕೈಯಿಂದಲೇ ಅವಳನ್ನು ಮುಗಿಸಿದ.

ಆದ್ದರಿಂದ ನನ್ನ ಅನಿಸಿಕೆ ಸ್ವಲ್ಪ ಬೇರೆ. ರಾಜವಂಶವನ್ನು ಸೇನಾಪತಿಗಳು ಮಾತ್ರ ಮುಗಿಸಲಿಲ್ಲ. ವಂಶದೊಳಗೇ ಎರಡು ಕವಲು ಒಂದನ್ನೊಂದು ತಿಂದವು.

ಮಲೆನಾಡಿಗ:

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಪೆರ್ಡಿಕ್ಕಾಸ್ ಕಥೆ ಪೂರ್ತಿ ಮಾಡುತ್ತೇನೆ, ಅದು ಹೆಣದಿಂದ ಶುರುವಾಗುತ್ತದೆ.

ಅಲೆಕ್ಸಾಂಡರ್‌ನ ದೇಹ ಸಾಗಿಸಲು ಚಿನ್ನದ ರಥ ತಯಾರಾಗಲು ಎರಡು ವರ್ಷ ಹಿಡಿಯಿತು. 64 ಹೇಸರಗತ್ತೆಗಳು ಎಳೆಯುವ ರಥ. ಮ್ಯಾಸಿಡೋನಿಯದಲ್ಲಿ ರಾಜನಾದವನು ಹಿಂದಿನ ರಾಜನ ಅಂತ್ಯಕ್ರಿಯೆ ಮಾಡುವುದು ಪದ್ಧತಿ. ಆ ದೇಹ ಯಾರ ಹತ್ತಿರ ಇದೆಯೋ ಅವನ ಮಾತಿಗೆ ತೂಕ. ಟಾಲೆಮಿ ಸೈನ್ಯದ ಜೊತೆ ಸಿರಿಯಾಕ್ಕೆ ಬಂದು, ಗೌರವ ಸಲ್ಲಿಸುವ ನೆಪದಲ್ಲಿ ಮೆರವಣಿಗೆಯನ್ನೇ ಈಜಿಪ್ಟ್ ಕಡೆ ತಿರುಗಿಸಿಕೊಂಡು ಹೋದ. ಮೊದಲು ಮೆಂಫಿಸ್, ಆಮೇಲೆ ಅಲೆಕ್ಸಾಂಡ್ರಿಯಾ.

ಪೆರ್ಡಿಕ್ಕಾಸ್ ಇದನ್ನು ಸಹಿಸಲಿಲ್ಲ. ಇಬ್ಬರು ರಾಜರನ್ನೂ ಜೊತೆಗಿಟ್ಟುಕೊಂಡು ಈಜಿಪ್ಟ್ ಮೇಲೆ ಹೋದ. ಮೆಂಫಿಸ್ ಹತ್ತಿರ ನೈಲ್ ದಾಟಬೇಕಿತ್ತು. ನೀರಿನ ಸೆಳೆತ ಕಡಿಮೆ ಮಾಡಲು ಮೇಲ್ಗಡೆ ಆನೆಗಳನ್ನು ನಿಲ್ಲಿಸಿದ, ಕೊಚ್ಚಿ ಹೋಗುವವರನ್ನು ಹಿಡಿಯಲು ಕೆಳಗಡೆ ಕುದುರೆಗಳನ್ನು. ಉಪಾಯವೇನೋ ಒಳ್ಳೆಯದೇ. ಆದರೆ ಅಷ್ಟು ಕಾಲುಗಳ ತುಳಿತಕ್ಕೆ ತಳದ ಮರಳು ಸರಿದು ಹೋಯಿತು, ನದಿ ಇನ್ನೂ ಆಳವಾಯಿತು. ದಾಟಿದವರು ಆಚೆ ಉಳಿದರು, ಉಳಿದವರು ದಾಟಲಾಗಲಿಲ್ಲ. ವಾಪಸ್ ಬನ್ನಿ ಎಂದು ಕರೆದಾಗ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಹಳಷ್ಟು ಜನ ಮೊಸಳೆಗಳ ಬಾಯಿಗೆ ಬಿದ್ದರು ಎಂದು ಹಳೆಯ ಬರಹ ಹೇಳುತ್ತದೆ. ಸೈನಿಕರು ರಾತ್ರಿಯೆಲ್ಲ ಅದನ್ನು ಕೇಳಿಸಿಕೊಂಡರು. ಪೆರ್ಡಿಕ್ಕಾಸ್‌ನ ಅಧಿಕಾರಿಗಳೇ ಅವನ ಡೇರೆಗೆ ನುಗ್ಗಿ ಇರಿದರು. ಇರಿದವರಲ್ಲಿ ಒಬ್ಬ ಸೆಲ್ಯೂಕಸ್.

ಮರುದಿನ ಟಾಲೆಮಿ ನದಿ ದಾಟಿ ಬಂದ. ಇಡೀ ಸಾಮ್ರಾಜ್ಯದ ರಾಜಪ್ರತಿನಿಧಿ ಸ್ಥಾನ ಅವನ ಕೈಗೆ ಬರುವಂತಿತ್ತು. ಅವನು ಬೇಡ ಎಂದ. ಅದು ನನಗೆ ತುಂಬ ಮುಖ್ಯ ಅನಿಸುತ್ತದೆ. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಆಗುವುದಿಲ್ಲ ಎಂದು ಮೊದಲು ಅರ್ಥ ಮಾಡಿಕೊಂಡವನು ಅವನೇ.

ಲೆಕ್ಕಪತ್ರ:

ಯಾರೂ ದುಡ್ಡಿನ ಬಗ್ಗೆ ಹೇಳಲಿಲ್ಲ. ಪರ್ಷಿಯಾದ ರಾಜಧಾನಿ ಪರ್ಸಿಪೊಲಿಸ್‌ನಲ್ಲೇ ಸಿಕ್ಕಿದ್ದು 1,20,000 ಟ್ಯಾಲೆಂಟ್ ಎಂದು ಹಳೆಯ ಲೆಕ್ಕ. ಮೇಷ್ಟ್ರು ಹೇಳಿದ ಫಿಲಿಪ್‌ನ ಗಣಿಗಳ ಆದಾಯದ ಪಕ್ಕ ಇಟ್ಟು ನೋಡಿ, ನೂರು ವರ್ಷಕ್ಕೂ ಜಾಸ್ತಿ ಗಣಿ ಅಗೆದರೆ ಬರುವ ಮೊತ್ತ ಒಂದೇ ಊರಿನಲ್ಲಿ!

ಪರ್ಷಿಯಾದ ರಾಜರು ಕೂಡಿಟ್ಟ ಬೆಳ್ಳಿ ಬಂಗಾರ ನಾಣ್ಯವಾಗಿ ಸೈನಿಕರ ಕೈಗೆ ಬಂತು. ಕೋಟೆ, ಖಜಾನೆ ಯಾರ ಕೈಯಲ್ಲಿದೆಯೋ ಅವನು ಸೈನ್ಯ ಕಟ್ಟಬಹುದಿತ್ತು. ಆಂಟಿಗೋನಸ್ ಅಷ್ಟು ಬೆಳೆದದ್ದು ಸೂಸಾ ಮತ್ತು ಎಕ್ಬಟಾನಾ ಖಜಾನೆಗಳು ಸಿಕ್ಕ ಮೇಲೆ. ಸೈನಿಕ ಮೊದಲು ಫಿಲಿಪ್‌ನ ಪ್ರಜೆಯಾಗಿದ್ದ, ಹೊಲ ಬಿಟ್ಟು ಬಂದು ಯುದ್ಧ ಮಾಡಿ ಹೊಲಕ್ಕೆ ಹೋಗುತ್ತಿದ್ದ. ಏಷ್ಯಾದಲ್ಲಿ ಹತ್ತು ವರ್ಷ ಕಳೆದ ಮೇಲೆ ಅವನ ಹೆಂಡತಿ ಮಕ್ಕಳು, ಗಂಟುಮೂಟೆ ಎಲ್ಲ ಶಿಬಿರದ ಗಾಡಿಯಲ್ಲಿ. ಸಂಬಳ ಕೊಡುವವನೇ ಅವನಿಗೆ ರಾಜ. ಹೀಗಾದ ಮೇಲೆ ಸಾಮ್ರಾಜ್ಯಕ್ಕೆ ನಿಷ್ಠೆ ಎಲ್ಲಿಂದ ಬರಬೇಕು, ಹೇಳಿ.

ತುಂಗಾತೀರ:

ನೀವು ಗಾಡಿಯ ಮಾತು ತೆಗೆದದ್ದು ಸರಿಯಾಯಿತು. ಯೂಮೆನೀಸ್ ಸತ್ತದ್ದೇ ಅದರಿಂದ.

ಈ ಇಡೀ ಗಲಾಟೆಯಲ್ಲಿ ನನ್ನ ಮನಸ್ಸು ಕರಗುವುದು ಅವನ ಒಬ್ಬನ ಬಗ್ಗೆ. ಕಾರ್ಡಿಯಾ ಎಂಬ ಗ್ರೀಕ್ ಊರಿನವನು, ಮ್ಯಾಸಿಡೋನಿಯದವನಲ್ಲ. ಫಿಲಿಪ್‌ಗೂ ಅಲೆಕ್ಸಾಂಡರ್‌ಗೂ ಕಾರ್ಯದರ್ಶಿಯಾಗಿದ್ದವನು. ಕಾಗದ ಬರೆಯುವವನು ಏನು ಯುದ್ಧ ಮಾಡುತ್ತಾನೆ ಎಂದುಕೊಂಡವರ ಎದುರು, ಮ್ಯಾಸಿಡೋನಿಯದವರೆಲ್ಲ ಪ್ರೀತಿಸುತ್ತಿದ್ದ ಕ್ರಾಟೆರಸ್‌ನನ್ನೇ ಸೋಲಿಸಿದ. ಆ ಯುದ್ಧದಲ್ಲಿ ಕ್ರಾಟೆರಸ್ ಸತ್ತ. ನೋರಾ ಎಂಬ ಪುಟ್ಟ ಕೋಟೆಯಲ್ಲಿ ಸಿಕ್ಕಿಬಿದ್ದಾಗ, ಕುದುರೆಗಳಿಗೆ ಓಡಾಡಲು ಜಾಗ ಇರಲಿಲ್ಲ. ಅವುಗಳ ಮುಂಭಾಗವನ್ನು ಹಗ್ಗದಿಂದ ಮೇಲಕ್ಕೆ ಎಳೆದು ಕಟ್ಟಿ, ನಿಂತಲ್ಲೇ ಕುಣಿಸಿ ಬೆವರಿಳಿಸಿ ಗಟ್ಟಿಯಾಗಿ ಇಟ್ಟಿದ್ದ.

ಅನ್ಯನಾಡಿನವನ ಅಪ್ಪಣೆ ಕೇಳಲು ಮ್ಯಾಸಿಡೋನಿಯದ ಅಧಿಕಾರಿಗಳಿಗೆ ಮನಸ್ಸಿಲ್ಲ. ಆಗ ಅವನು ಒಂದು ಡೇರೆ ಹಾಕಿಸಿದ, ಒಳಗೆ ಅಲೆಕ್ಸಾಂಡರ್‌ನ ಖಾಲಿ ಸಿಂಹಾಸನ, ಕಿರೀಟ, ರಾಜದಂಡ. ಎಲ್ಲರೂ ಅದಕ್ಕೆ ಧೂಪ ಹಾಕಿ ಅದರ ಮುಂದೆ ಕುಳಿತು ಸಭೆ ಮಾಡುತ್ತಿದ್ದರು. ಸತ್ತ ರಾಜನ ಹೆಸರಲ್ಲಿ ಬದುಕಿದ್ದವರು ಒಟ್ಟಾಗಿರಲು ಇದ್ದದ್ದು ಅದೊಂದೇ ದಾರಿ.

ಅವನ ಬಲ 'ಬೆಳ್ಳಿ ಗುರಾಣಿ' ಪಡೆ. ಫಿಲಿಪ್ ಕಾಲದಿಂದ ಹೋರಾಡಿದ ಮುದುಕರು, ಅರವತ್ತಕ್ಕಿಂತ ಚಿಕ್ಕವರೇ ವಿರಳ. ಇರಾನ್‌ನ ಗೇಬಿಯೆನೆಯಲ್ಲಿ ಆಂಟಿಗೋನಸ್ ಎದುರು ಅವರು ಗೆದ್ದರು. ಆದರೆ ಉಪ್ಪು ಮಣ್ಣಿನ ದೂಳು ಎದ್ದು ಏನೂ ಕಾಣದಾದಾಗ ಆಂಟಿಗೋನಸ್‌ನ ಕುದುರೆಗಳು ಹಿಂದಿನಿಂದ ಹೋಗಿ ಅವರ ಶಿಬಿರವನ್ನು, ಹೆಂಡತಿ ಮಕ್ಕಳ ಸಮೇತ, ಹಿಡಿದವು. ಆ ಮುದುಕರು ತಮ್ಮವರನ್ನು ಬಿಡಿಸಿಕೊಳ್ಳಲು ಸೇನಾಪತಿಯನ್ನೇ ಕೊಟ್ಟುಬಿಟ್ಟರು. ರಾಜವಂಶದ ಪರ ಕೊನೆಯವರೆಗೂ ನಿಂತ ಸೇನಾಪತಿ ಎಂದರೆ ಅವನೊಬ್ಬನೇ, ಮ್ಯಾಸಿಡೋನಿಯದವನೂ ಅಲ್ಲ.

ಮಲೆನಾಡಿಗ:

ಯೂಮೆನೀಸ್ ಬಗ್ಗೆ ನನಗೂ ಗೌರವ ಇದೆ. ಆದರೆ ಒಂದು ಎಚ್ಚರಿಕೆ ಬೇಕು ಮೇಡಂ. ಈ ಕಾಲದ ಇತಿಹಾಸ ಬರೆದವನು ಹಿರೋನಿಮಸ್, ಅವನೂ ಕಾರ್ಡಿಯಾದವನೇ, ಯೂಮೆನೀಸ್ ಜೊತೆಗೇ ಇದ್ದವನು. ಅವನ ಬರಹ ಉಳಿದಿಲ್ಲ, ಆದರೆ ನಂತರದವರು ಹೆಚ್ಚಾಗಿ ಅದನ್ನೇ ನೆಚ್ಚಿ ಬರೆದರು. ಊರಿನವನ ಮೇಲಿನ ಅಭಿಮಾನ ಅಲ್ಲಿ ಇದ್ದೇ ಇರುತ್ತದೆ. ಯೂಮೆನೀಸ್‌ಗೆ ರಾಜವಂಶ ಬಿಟ್ಟರೆ ಬೇರೆ ಆಸರೆಯೂ ಇರಲಿಲ್ಲ, ಅಲ್ವಾ?

ಹೊಸ ಓದುಗ:

ಇಷ್ಟು ದಿನ ಇದೆಲ್ಲ ಗೊತ್ತೇ ಇರಲಿಲ್ಲ. ಸೆಲ್ಯೂಕಸ್ ಅಂದರೆ ಚಂದ್ರಗುಪ್ತ ಮೌರ್ಯನ ಜೊತೆ ಒಪ್ಪಂದ ಮಾಡಿಕೊಂಡವನೇ? ಅದು ಈ ಕಥೆಯಲ್ಲಿ ಎಲ್ಲಿ ಬರುತ್ತದೆ? ಆ ಮಗು ರಾಜ ಕೊನೆಗೆ ಏನಾದ?

ಹಳೇನಾಣ್ಯ:

ಹೌದು, ಅವನೇ. ಮಗುವಿನ ವಿಷಯ ಮೊದಲು ಹೇಳುತ್ತೇನೆ.

311ರಲ್ಲಿ ಕಾದಾಡಿ ಸುಸ್ತಾದವರು ಒಂದು ಒಪ್ಪಂದ ಮಾಡಿಕೊಂಡರು. ರೊಕ್ಸಾನಾಳ ಮಗ ಪ್ರಾಯಕ್ಕೆ ಬರುವವರೆಗೆ ಕಸಾಂಡರ್ ಯುರೋಪಿನ ಸೇನಾಪತಿ ಎಂದು ಅದರಲ್ಲಿ ಬರೆದಿತ್ತು. ಹುಡುಗ ದೊಡ್ಡವನಾದರೆ ಕಸಾಂಡರ್ ಕೆಳಗಿಳಿಯಬೇಕು. ಸ್ವಲ್ಪ ದಿನಕ್ಕೇ ತಾಯಿ ಮಗ ಇಬ್ಬರನ್ನೂ ಗುಟ್ಟಾಗಿ ಕೊಲ್ಲಿಸಿದ. ಯಾರೂ ಯುದ್ಧ ಸಾರಲಿಲ್ಲ, ಎಲ್ಲರಿಗೂ ಒಳಗೊಳಗೇ ಅನುಕೂಲವೇ ಆಗಿತ್ತು. ಈಜಿಪ್ಟ್‌ನಲ್ಲೂ ಬ್ಯಾಬಿಲೋನ್‌ನಲ್ಲೂ ಲಿಪಿಕಾರರು ಸತ್ತ ಹುಡುಗನ ಆಳ್ವಿಕೆಯ ವರ್ಷ ಎಣಿಸುತ್ತಲೇ ಹೋದರು. ರಾಜ ಇಲ್ಲ ಎಂದು ಒಪ್ಪಿಕೊಳ್ಳಲು ಯಾರೂ ತಯಾರಿರಲಿಲ್ಲ. 306ರಲ್ಲಿ ಆಂಟಿಗೋನಸ್ ತನ್ನನ್ನೇ ರಾಜ ಎಂದು ಕರೆದುಕೊಂಡ. ಒಂದೆರಡು ವರ್ಷದಲ್ಲಿ ಉಳಿದವರೂ ಕಿರೀಟ ಇಟ್ಟುಕೊಂಡರು.

ಇನ್ನು ಸೆಲ್ಯೂಕಸ್. ಆಂಟಿಗೋನಸ್‌ಗೆ ಹೆದರಿ ಬ್ಯಾಬಿಲೋನ್‌ನಿಂದ ಓಡಿಹೋಗಿದ್ದವನು 312ರಲ್ಲಿ ಸಾವಿರ ಚಿಲ್ಲರೆ ಜನರೊಂದಿಗೆ ವಾಪಸ್ ಬಂದು ಅದನ್ನು ಹಿಡಿದ. ಆಮೇಲೆ ಪೂರ್ವಕ್ಕೆ ತಿರುಗಿದ. ಅಷ್ಟು ಹೊತ್ತಿಗೆ ಸಿಂಧೂ ಕಡೆ ಚಂದ್ರಗುಪ್ತ ಬಲವಾಗಿ ನಿಂತಿದ್ದ. 303ರ ಸುಮಾರಿಗೆ ಸೆಲ್ಯೂಕಸ್ ಕಂದಹಾರ್, ಕಾಬೂಲ್ ಕಡೆಯ ಪ್ರಾಂತ್ಯಗಳನ್ನು ಬಿಟ್ಟುಕೊಟ್ಟ, 500 ಆನೆ ಪಡೆದ.

301ರಲ್ಲಿ ಆಂಟಿಗೋನಸ್ ವಿರುದ್ಧದ ಇಪ್ಸಸ್ ಯುದ್ಧದಲ್ಲಿ ಆ ಆನೆಗಳೇ ಲೆಕ್ಕ ಬದಲಿಸಿದವು. ಆಂಟಿಗೋನಸ್‌ನ ಮಗ ಡೆಮಿಟ್ರಿಯಸ್ ಕುದುರೆಗಳೊಂದಿಗೆ ಎದುರಾಳಿಯನ್ನು ಅಟ್ಟಿಸಿಕೊಂಡು ತುಂಬ ದೂರ ಹೋದ. ವಾಪಸ್ ಬರುವಷ್ಟರಲ್ಲಿ ನಡುವೆ ಆನೆಗಳ ಸಾಲು ನಿಂತಿತ್ತು. ಕುದುರೆಗಳು ಮುಂದೆ ಹೋಗಲಿಲ್ಲ. ಮಗ ಬಂದೇ ಬರುತ್ತಾನೆ ಎಂದು ಕಾಯುತ್ತಲೇ 81ರ ಆಂಟಿಗೋನಸ್ ಈಟಿಗಳಿಗೆ ಬಲಿಯಾದ. ಇಡೀ ಸಾಮ್ರಾಜ್ಯವನ್ನು ಒಂದು ಮಾಡಲು ಗಟ್ಟಿಯಾಗಿ ಯತ್ನಿಸಿದವನು ಅವನು.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಬಳ್ಳಾರಿಯಿಂದ ಹೆಚ್ಚು ದೂರವಿಲ್ಲದ ಎರ್ರಗುಡಿಯಲ್ಲಿ ಅಶೋಕನ ಬಂಡೆ ಶಾಸನಗಳಿವೆ. ಅವನ 13ನೇ ಶಾಸನದಲ್ಲಿ ಅಂತಿಯೋಕ, ತುರಮಾಯ, ಅಂತಿಕಿನಿ ಎಂದು ಯವನ ರಾಜರ ಹೆಸರು ಬರುತ್ತದೆ. ಅವರೆಲ್ಲ ಈ ಸೆಲ್ಯೂಕಸ್, ಟಾಲೆಮಿ, ಆಂಟಿಗೋನಸ್‌ರ ಮಕ್ಕಳು, ಮೊಮ್ಮಕ್ಕಳು.

ಲೆಕ್ಕಪತ್ರ:

ಒಂದು ವಿರೋಧದ ಮಾತು ಹೇಳಲೇಬೇಕು. ಒಡೆಯಿತು ಎಂದು ನಾವು ದುಃಖಪಡುವುದು ಯಾಕೆ? ಟಾಲೆಮಿಯ ವಂಶ ಈಜಿಪ್ಟನ್ನು ಕ್ರಿ.ಪೂ. 30ರವರೆಗೆ, ಕ್ಲಿಯೋಪಾತ್ರಳ ಸಾವಿನವರೆಗೆ ಆಳಿತು. ಸುಮಾರು ಮುನ್ನೂರು ವರ್ಷ. ಅಲೆಕ್ಸಾಂಡ್ರಿಯಾದ ಗ್ರಂಥಾಲಯ, ಯೂಕ್ಲಿಡ್‌ನ ರೇಖಾಗಣಿತ, ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಎರಟೋಸ್ತನೀಸ್, ಎಲ್ಲ ಅಲ್ಲಿನದು. ಸೆಲ್ಯೂಕಸ್ ಕಟ್ಟಿದ ಆಂಟಿಯೋಕ್ ಮುಂದೆ ಎಷ್ಟು ದೊಡ್ಡ ನಗರವಾಯಿತು ನೋಡಿ. ಇಡೀ ಸಾಮ್ರಾಜ್ಯ ಒಬ್ಬನ ಕೈಯಲ್ಲೇ ಉಳಿದಿದ್ದರೆ ಮತ್ತೆ ಅರೇಬಿಯಾ, ಕಾರ್ಥೇಜ್ ಎಂದು ದಂಡಯಾತ್ರೆ ಹೊರಡುತ್ತಿದ್ದರು. ಅಲೆಕ್ಸಾಂಡರ್ ಸಾಯುವಾಗ ಅರೇಬಿಯಾಕ್ಕೆ ಹಡಗು ಸಿದ್ಧವಾಗುತ್ತಿತ್ತು. ಒಡೆದ ಮೇಲೆಯೇ ಜನ ನೆಲೆಯೂರಿ ಬದುಕಿದರು.

ತುಂಗಾತೀರ:

ಗ್ರಂಥಾಲಯ ಕಟ್ಟಿದ್ದು ನಿಜ. ಆದರೆ ಅದರ ಖರ್ಚು ಬಂದದ್ದು ಈಜಿಪ್ಟಿನ ರೈತರ ತೆರಿಗೆಯಿಂದ. ಎಣ್ಣೆಕಾಳು ಬಿತ್ತುವುದರಿಂದ ಹಿಡಿದು ಎಣ್ಣೆ ಮಾರುವವರೆಗೆ ಎಲ್ಲವೂ ಸರ್ಕಾರದ ಹಿಡಿತ. ಕ್ರಿ.ಪೂ. 206ರ ನಂತರ ದಕ್ಷಿಣ ಈಜಿಪ್ಟ್ ದಂಗೆಯೆದ್ದು ಸುಮಾರು ಇಪ್ಪತ್ತು ವರ್ಷ ಟಾಲೆಮಿಗಳ ಕೈ ತಪ್ಪಿತ್ತು. ಆ ಜನರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಧಾರವಾಡದ ಮೇಷ್ಟ್ರು:

ಒಂದಾಗುವ ಕೊನೆಯ ಅವಕಾಶ 301ಕ್ಕೆ ಮುಗಿಯಲಿಲ್ಲ. 281 ನೋಡಿ. ಎಪ್ಪತ್ತು ದಾಟಿದ ಸೆಲ್ಯೂಕಸ್ ಮತ್ತು ಲೈಸಿಮಾಕಸ್ ಕೊರುಪೀಡಿಯಂನಲ್ಲಿ ಎದುರಾದರು. ಲೈಸಿಮಾಕಸ್ ಸತ್ತ. ಈಜಿಪ್ಟ್ ಬಿಟ್ಟರೆ ಹೆಚ್ಚುಕಮ್ಮಿ ಎಲ್ಲವೂ ಸೆಲ್ಯೂಕಸ್ ಕೈಗೆ ಬರುವ ಹಾಗಿತ್ತು. ಹುಟ್ಟಿದ ನಾಡು ನೋಡಲು ಅವನು ಯುರೋಪಿಗೆ ದಾಟಿದ. ದಾಟಿದ ಸ್ವಲ್ಪ ದಿನಕ್ಕೇ, ತಾನೇ ಆಶ್ರಯ ಕೊಟ್ಟಿದ್ದ ಟಾಲೆಮಿಯ ಮಗ ಕೆರೌನಸ್ ಅವನನ್ನು ಇರಿದ. ಆ ಕೆರೌನಸ್ ಎರಡು ವರ್ಷದಲ್ಲಿ ಗಾಲ್ ದಾಳಿಕಾರರ ಕೈಲಿ ಸತ್ತ. ಆ ಒಂದು ಇರಿತ ತಪ್ಪಿದ್ದರೆ?

ಹಳೇನಾಣ್ಯ:

ತಪ್ಪಿದ್ದರೂ ಒಂದಾಗುತ್ತಿರಲಿಲ್ಲ ಮೇಷ್ಟ್ರೇ. ಸೆಲ್ಯೂಕಸ್ ಅದಕ್ಕೆ ಹತ್ತು ವರ್ಷ ಮೊದಲೇ ಮಗ ಆಂಟಿಯೋಕಸ್‌ನನ್ನು ಜೊತೆ-ರಾಜ ಮಾಡಿ ಪೂರ್ವದ ಪ್ರಾಂತ್ಯಗಳನ್ನು ಒಪ್ಪಿಸಿದ್ದ. ಅಷ್ಟು ದೊಡ್ಡ ನೆಲವನ್ನು ಒಬ್ಬ ಆಳಲಾಗದು ಎಂದು ಅವನಿಗೇ ಗೊತ್ತಿತ್ತು.

ಆಂಟಿಯೋಕಸ್ ಯಾರ ಮಗ ಎಂಬುದೂ ಇಲ್ಲಿ ಮುಖ್ಯ. 324ರಲ್ಲಿ ಸೂಸಾದಲ್ಲಿ ಅಲೆಕ್ಸಾಂಡರ್ ತನ್ನ ಸುಮಾರು 80 ಅಧಿಕಾರಿಗಳಿಗೆ ಏಷ್ಯಾದ ಹೆಣ್ಣುಗಳನ್ನು ಮದುವೆ ಮಾಡಿಸಿದ್ದ. ಅವನು ಸತ್ತ ಮೇಲೆ ಹೆಚ್ಚಿನವರು ಆ ಹೆಂಡತಿಯರನ್ನು ಬಿಟ್ಟರು. ಸೆಲ್ಯೂಕಸ್ ಮಾತ್ರ ಸೊಗ್ಡಿಯಾದ ಅಪಾಮಾಳನ್ನು ಬಿಡಲಿಲ್ಲ. ಅವಳ ಮಗನೇ ಈ ಆಂಟಿಯೋಕಸ್. ಟಾಲೆಮಿಯೂ ಬದುಕಿದ್ದಾಗಲೇ, 285ರಲ್ಲಿ, ಮಗನನ್ನು ಜೊತೆಗೆ ಕೂರಿಸಿಕೊಂಡ. ಅಲೆಕ್ಸಾಂಡರ್ ಮಾಡದ ಕೆಲಸವನ್ನು ಇವರಿಬ್ಬರೂ ಮಾಡಿದರು. ಅದಕ್ಕೇ ಸೆಲ್ಯೂಕಸ್ ಕೊಲೆಯಾದರೂ 323ರ ಬ್ಯಾಬಿಲೋನ್ ಮತ್ತೆ ನಡೆಯಲಿಲ್ಲ. ಸಿರಿಯಾದಲ್ಲಿ ದಂಗೆ, ಪಶ್ಚಿಮದಲ್ಲಿ ಗಾಲ್‌ಗಳ ಹಾವಳಿ ಎಲ್ಲ ಬಂದವು. ಆಂಟಿಯೋಕಸ್ ತಡೆದುಕೊಂಡು 261ರವರೆಗೆ ಆಳಿದ. ಅವನ ವಂಶ ರೋಮಿನ ಪಾಂಪೆ ಸಿರಿಯಾಕ್ಕೆ ಬರುವವರೆಗೆ, ಅಂದರೆ ಕ್ರಿ.ಪೂ. 63ರ ಹತ್ತಿರದವರೆಗೆ ಉಳಿಯಿತು.